ಹಿಂಬಾಗಿಲಿನಿಂದ ಮೂರು ಊರು

ಮುಂದಿನ ಬೋರ್ಡು ಓದಿ ಹೋಟೆಲಿಗೆ ಹೋದವನಲ್ಲ ನಾನು.
ರುಬ್ಬುವ ಕಲ್ಲಿಗೆ ಮುಳ್ಳು ಹೊಡೆಯುವವನಿಗೆ
ಹೋಟೆಲೆಂದರೆ ಹಿಂದಿನ ಓಣಿ,
ಬೂದಿ, ಬೆಕ್ಕು, ತೊಳೆಯದ ತಪ್ಪಲೆಗಳ ಗುಡ್ಡ,
ಒಳಗೆ ಹೊಟ್ಟೆ ತೆರೆದು ಕೂತ ಗ್ರೈಂಡರು.

ಸೋಮವಾರ ತುಮಕೂರು.
ಕ್ಯಾತ್ಸಂದ್ರದ ರುದ್ರಾರಾಧ್ಯರ ಅಡುಗೆಮನೆಯಲ್ಲಿ
ನಾಲ್ಕು ಗಂಟೆಗೇ ಹಬೆಯೆದ್ದು
ಟ್ಯೂಬ್‌ಲೈಟು ಮಂಕಾಗಿರುತ್ತದೆ.
ತಟ್ಟೆಯಗಲದ ಇಡ್ಲಿ, ನಡುವೆ ಜಾರುವ ಬೆಣ್ಣೆ;
ಚಟ್ನಿಗೆ ತೆಂಗು, ತೆಂಗು, ಮತ್ತೆ ತೆಂಗು.
ತಿಪಟೂರಿನ ಬೀಗರು, ಕಾಯಿಗೇನು ಕೊರತೆ?
ನನ್ನ ಕೂಲಿಗೆ ಮಾತ್ರ ರಸೀದಿ ಬೇಕು,
ತಾರೀಖು ಹಾಕಿ, ಸಹಿ ಮಾಡಿ,
ಆಮೇಲೆ ಒಂದು ಇಡ್ಲಿ. ಒಂದೇ.

ಗುರುವಾರ ಕೋಲಾರ.
ಕ್ಲಾಕ್ ಟವರಿನ ಹಿಂದೆ, ಸಂದಿಯೊಳಗಿನ ಸಂದಿಯಲ್ಲಿ
ಪಿಳ್ಳಮುನಿಯಪ್ಪನ ಮಿಲಿಟರಿ ಹೋಟೆಲು.
ಉಳಿ ಬಿದ್ದರೆ ಸಾಕು, ಕಲ್ಲಿನ ತೂತಿನಿಂದ
ಹೋದ ವಾರದ ಧನಿಯ, ಗಸಗಸೆ, ಒಣಮೆಣಸಿನಕಾಯಿ
ಎದ್ದು ನನ್ನ ಕಣ್ಣಿಗೇ ಬರುತ್ತವೆ.
ಎರಡು ಭಾಷೆಯಲ್ಲಿ ಅರ್ಧ ಗಂಟೆ ಚೌಕಾಸಿ.
ಇಪ್ಪತ್ತು ರೂಪಾಯಿ ಇಳಿಸಿದ ಕೈಯೇ
ನೂರಿಪ್ಪತ್ತರ ಊಟ ಇಕ್ಕುತ್ತದೆ:
ಮುದ್ದೆ, ಬೋಟಿ ಗೊಜ್ಜು, ಮೇಲೊಂದು ನಲ್ಲಿಮೂಳೆ.
ಸಾಕು ಅಂದರೆ ಅವನಿಗೆ ಅವಮಾನ.
ಅಲ್ಲಿ ಬೆಳಗಿನ ಇಡ್ಲಿಗೂ ಕಾಲು ಸೂಪು,
ಚಟ್ನಿ ಕೇಳಿದವರಿಗೆ ಕಡಲೆಬೀಜದ್ದು, ಮಣ್ಣಿನ ಬಣ್ಣ.

ನಡುವೆ ಚಿಕ್ಕಬಳ್ಳಾಪುರ. ಅದಕ್ಕೆ ವಾರವಿಲ್ಲ,
ಫೋನ್ ಬಂದಾಗ ಹೋಗುವುದು.
ಬಿ.ಬಿ. ರಸ್ತೆಯ ಅಶ್ವತ್ಥಲಕ್ಷ್ಮಿ
ಐದು ವರ್ಷಕ್ಕೆ ಮೂರು ಬೋರ್ಡು ಬದಲಿಸಿದಾಕೆ.
ಟಿಫಿನ್ ರೂಮು ಅಂತಿತ್ತು, ಆಮೇಲೆ ಭವನ, ಈಗ ಗ್ರ್ಯಾಂಡ್.
ಒಂದೇ ಕಲ್ಲಿನಲ್ಲಿ ಬೆಳಿಗ್ಗೆ ದೋಸೆಹಿಟ್ಟು,
ಸಂಜೆ ಗೋಬಿಗೆ ಬೆಳ್ಳುಳ್ಳಿ;
ಎಷ್ಟು ತೊಳೆದರೂ ದೋಸೆಗೆ ಹಿಂದಿನ ಸಂಜೆಯ ನೆನಪು.
ಬೆಟ್ಟ ನೋಡಿ ಇಳಿದ ಕಾರಿನವರು
ಅದನ್ನೇ ಈ ಊರಿನ ರುಚಿ ಅಂದುಕೊಂಡು
ಫೋಟೋ ಹಿಡಿದು ಹೋಗುತ್ತಾರೆ.
ನನ್ನ ದುಡ್ಡು ಬಂತೆಂದು ಗಲ್ಲಾದ ಡಬ್ಬಿ
ಬೀದಿಗೆಲ್ಲ ಕೂಗಿ ಹೇಳುತ್ತದೆ.

"ಕೋಲಾರದಲ್ಲಿ ಇಡ್ಲಿಯೂ ತೆಲುಗು ಮಾತಾಡುತ್ತಂತೆ?"
ರುದ್ರಾರಾಧ್ಯರು ನಗದೆ ಕೇಳುತ್ತಾರೆ.
"ತುಮಕೂರಿನೋರ ತಟ್ಟೆ ಅಗಲ, ಕೈ ಕಿರಿದು ಕಣಣ್ಣ,"
ಪಿಳ್ಳಮುನಿಯಪ್ಪ ಮೂಳೆ ತಟ್ಟಿ ತೋರಿಸುತ್ತಾನೆ.
ಅಶ್ವತ್ಥಲಕ್ಷ್ಮಿಗೆ ಇಬ್ಬರೂ ಲೆಕ್ಕಕ್ಕಿಲ್ಲ,
ಅವಳ ಕಣ್ಣೆಲ್ಲ ಹೈವೇ ಮೇಲೆ.

ನನ್ನದೂ ಒಂದು ತಪ್ಪಿದೆ.
ಹಿಟ್ಟಿಗೆ ಹಿಡಿ ಸಬ್ಬಕ್ಕಿ ನೆನೆಸಿ ಹಾಕುವ ಗುಟ್ಟು
ಕ್ಯಾತ್ಸಂದ್ರದಿಂದ ಕೋಲಾರಕ್ಕೆ ನಾನೇ ಹೊತ್ತೆ.
ಕಲ್ಲುಹೂವನ್ನು ಎಣ್ಣೆಗೆ ಮೊದಲು ಬಿಡಬೇಕೆಂಬುದು
ಕೋಲಾರದಿಂದ ಹೊರಟು ಗೋಬಿಯೊಳಗೆ ಇಳಿಯಿತು.
ಯಾರೂ ಕೇಳಿರಲಿಲ್ಲ.
ಬಸ್ಸಿಗೆ ಇನ್ನೂ ಹೊತ್ತಿತ್ತು, ಕಾಫಿ ಬಿಸಿಯಿತ್ತು.

ಮೂರೂ ಕಲ್ಲು ಒಂದೇ ಬಂಡೆಯವು.
ಚಿಕ್ಕಬಳ್ಳಾಪುರದ ಆಚೆ, ಈಗ ನೀರು ನಿಂತ ಕ್ವಾರಿ;
ನಮ್ಮಪ್ಪ ಅಲ್ಲಿ ಬೈರಿಗೆ ಹಿಡಿದಿದ್ದ.
ಬಣ್ಣದಲ್ಲಿ ಗೊತ್ತಾಗುವುದಿಲ್ಲ, ಉಳಿಯ ದನಿಯಲ್ಲಿ ಗೊತ್ತು.

ಮುಳ್ಳು ಹೊಡೆದ ಮೇಲೆ ಹೇಳಿಯೇ ಏಳುತ್ತೇನೆ:
ಮೊದಲೆರಡು ರುಬ್ಬು ಚೆಲ್ಲಿಬಿಡಿ.
ರುದ್ರಾರಾಧ್ಯರು ಮೂರು ಚೆಲ್ಲುತ್ತಾರೆ, ಲೆಕ್ಕ ಬರೆದಿಟ್ಟು.
ಪಿಳ್ಳಮುನಿಯಪ್ಪ ಒಂದನ್ನು ಚೆಲ್ಲಿ
ಎರಡನೆಯದಕ್ಕೆ ಬೆರಳದ್ದಿ ನೆಕ್ಕುತ್ತಾನೆ.
"ಚೆಲ್ಲಿದೆ" ಅಂದಳು ಅಶ್ವತ್ಥಲಕ್ಷ್ಮಿ.
ಅವತ್ತು ಶನಿವಾರ. ಹೊರಗೆ ಹನ್ನೊಂದು ಕಾರು.
ನಾನು ತಿರುಗಿ ನೋಡಲಿಲ್ಲ.

ಹನ್ನೆರಡು ವರ್ಷಕ್ಕೆ ಒಂದೊಂದು ಕಲ್ಲೂ
ಹೆಬ್ಬೆರಳ ದಪ್ಪ ಸವೆದಿದೆ.
ಎಲ್ಲಿ ಹೋಯಿತು ಅಂತ ಯಾರನ್ನು ಕೇಳಲಿ?

ದೊಡ್ಡಬಳ್ಳಾಪುರದಲ್ಲಿ ಬಸ್ಸು ನಿಂತಾಗ
ಕಂಡಕ್ಟರ್ ನನ್ನ ಚೀಲದ ಉಳಿ ನೋಡಿ ಕೇಳಿದ,
"ಎಲ್ಲಾ ಹೋಟೆಲೂ ಕಂಡೋರು ನೀವು.
ಊಟ ಯಾವೂರಲ್ಲಿ ಚೆನ್ನಾಗಿರುತ್ತೆ, ಹೇಳಿ?"

ಹಲ್ಲಿನ ಸಂದಿಯಲ್ಲಿ ನಾಲಗೆ ಆಡಿಸಿದೆ.
ಸಿಕ್ಕಿತು, ಒಂದು ಹರಳು.
ಯಾವೂರಿನದೋ.